ಖಾರದ ಪುಡಿಗೆ ಕೂಲಿ ಬರೆದ ದಿನ

ಮಾರ್ಚ್ 12, 2024, ಮಂಗಳವಾರ
ಹುಬ್ಬಳ್ಳಿ

ಬೆಳಿಗ್ಗೆ ಆರೂವರೆಗೇ ಫೋನು. ನಾನು ಮಾಲು ಮಾರಿಕೊಡುವ, ಕುಂದಗೋಳ ಕಡೆಯ ಹೆಣ್ಣುಮಕ್ಕಳ ಮಸಾಲಿ ಖಾರದ ಗುಂಪಿನ ದೊಡ್ಡಕ್ಕ. "ಟಿವಿ ನೋಡಿದ್ರೇನ್ರಿ ಅಕ್ಕಾರ? ಬ್ಯಾಡಗಿಯೊಳಗ ಬೆಂಕಿ ಹಚ್ಚ್ಯಾರ."

ನೋಡಿದ್ದೆ. ನಿನ್ನೆ ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರಿನ ದಿನ. ದರ ಒಮ್ಮೆಲೇ ಕುಸಿದದ್ದಕ್ಕೆ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ರಾತ್ರಿಯೆಲ್ಲ ಅದೇ ಸುದ್ದಿ. ಆದರೆ ದೊಡ್ಡಕ್ಕ ಫೋನು ಹಚ್ಚಿದ್ದು ಇನ್ನೊಂದು ಮಾತಿಗೆ. "ಕಾಯಿ ದರಾ ಇಳೀತಲ್ರೀ, ನಾವೂ ಪಾಕೀಟಿನ ದರಾ ಇಳಸಬೇಕೇನ್ರಿ? ಮಂದಿ ಈಗಾಗ್ಲೇ ಕೇಳಾಕತ್ತಾರ."

ಫೋನಿನಲ್ಲಿ ಮುಗಿಸುವ ಮಾತಲ್ಲ ಅನಿಸಿತು. ಮಧ್ಯಾಹ್ನದ ಎರಡು ಕೆಲಸ ನಾಳೆಗೆ ಹಾಕಿ ಬಸ್ಸು ಹಿಡಿದೆ. ಕಳೆದ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನನಗಿಂತ ಇವರ ಓಡಾಟವೇ ಹೆಚ್ಚು. ಮೊದಲು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಬಂದು ಮಾಲು ಕೊಟ್ಟು ಹೋಗುತ್ತಿದ್ದವರು ಈಗ ವಾರಕ್ಕೊಮ್ಮೆ ಬರುತ್ತಾರೆ. ಗಿರಾಕಿಗಳ ಮುಖ ನೋಡುತ್ತಾರೆ, ಯಾರಿಗೆ ಖಾರ ಕಡಿಮೆ ಬೇಕು, ಯಾರಿಗೆ ಬಣ್ಣ ಬೇಕು ಎಂದು ಕೇಳಿ ತಿಳಿಯುತ್ತಾರೆ. ಹತ್ತು ವರ್ಷ ಬೆಂಗಳೂರಿನ ಜಾಹೀರಾತು ಕಚೇರಿಯಲ್ಲಿ ನಾವು ಇದಕ್ಕೇ ಲಕ್ಷಗಟ್ಟಲೆ ಬಿಲ್ಲು ಹಾಕುತ್ತಿದ್ದೆವು.

ಹೋದಾಗ ಎಂಟೂ ಜನ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುತ್ತಿದ್ದರು. ಬ್ಯಾಡಗಿ ಕಡ್ಡಿ, ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು. ಈ ಕಾಯಿಗೆ ಬಣ್ಣವೇ ಬಂಡವಾಳ, ಖಾರ ಕಡಿಮೆ. ಖಾರಕ್ಕೆಂದು ಒಂದಿಷ್ಟು ಗುಂಟೂರು ಸೇರಿಸುತ್ತಾರೆ. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈ ಹೆಬ್ಬೆರಳಿನ ಉಗುರಿನಿಂದ ಒಂದು ಒತ್ತು, ತುಂಬು ಬಿಟ್ಟುಬರುತ್ತದೆ. ಬೀಜ ಚೆಲ್ಲಬಾರದು. ನಾನೂ ಕುಳಿತೆ. ಅರ್ಧ ತಾಸಿಗೇ ಉಗುರಿನ ಸಂದಿಯಲ್ಲಿ ಉರಿ ಹತ್ತಿತು. ಅವರೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತಿದ್ದರು. ಆದರೂ ರಾತ್ರಿ ಮಗುವನ್ನು ಎತ್ತಿಕೊಳ್ಳಲು ಆಗುವುದಿಲ್ಲವಂತೆ, ಮುಟ್ಟಿದರೆ ಅಳುತ್ತದೆ. ಆ ಮಾತನ್ನು ಅವರು ಸಹಜವಾಗಿ ಹೇಳಿದರು, ನನಗೆ ಮಾತ್ರ ಗಂಟಲು ಕಟ್ಟಿತು.

ಅಲ್ಲೇ ಲೆಕ್ಕದ ಪುಸ್ತಕ ತೆರೆಸಿದೆ. ಚೊಕ್ಕ ಅಕ್ಷರ, ಕೂಡುವ ಕಳೆಯುವ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಹತ್ತು ಕಿಲೋ ಕಾಯಿ, ತುಂಬು ಹೋಗಿ ಒಣಗಿದ ಮೇಲೆ ಒಂಬತ್ತು. ಕೊತ್ತಂಬರಿ ಬೀಜ, ಜೀರಿಗೆ, ಒಣಕೊಬ್ಬರಿ, ಬಳ್ಳೊಳ್ಳಿ, ಕಲ್ಲುಹೂವು, ಲವಂಗ ಎಲ್ಲ ಸೇರಿ ಐದು ಕಿಲೋ. ಗಿರಣಿ ಖರ್ಚು, ಪಾಕೀಟು, ಲೇಬಲ್ಲು. ಅದರ ಮೇಲೆ ಕಿಲೋಕ್ಕೆ 40 ರೂಪಾಯಿ ಲಾಭ.

"ಕೂಲಿ ಎಲ್ಲೈತ್ರಿ ಇದರಾಗ?" ಎಂದೆ.

"ಮನ್ಯಾಗ ಕುಂತ ಮಾಡೂದಕ್ಕ ಎಂಥಾ ಕೂಲಿರೀ ಅಕ್ಕಾರ?" ಎಂದಳು ಸಣ್ಣಾಕೆ. ಉಳಿದವರು ನಕ್ಕರು.

ಹುಬ್ಬಳ್ಳಿಯ ರೊಟ್ಟಿ ಮಾಡುವವರು, ಇಳಕಲ್ಲಿನಲ್ಲಿ ಸೀರೆಗೆ ಕುಚ್ಚು ಕಟ್ಟುವವರು, ಧಾರವಾಡದಲ್ಲಿ ಕಸೂತಿ ಹಾಕುವವರು, ಎಲ್ಲರ ಬಾಯಲ್ಲೂ ಈ ಮಾತು ಕೇಳಿದ್ದೇನೆ. ದಾರ, ಬಟ್ಟೆ, ಹಿಟ್ಟು, ಗ್ಯಾಸು ಎಲ್ಲಕ್ಕೂ ದರ ಉಂಟು, ಕೈಗೆ ಮಾತ್ರ ಇಲ್ಲ. ಹೆಣ್ಣುಮಕ್ಕಳ ಮಾಲು ಅಗ್ಗವಾಗಿ ಸಿಗುವುದಕ್ಕೆ ಕಾರಣ ಹುಡುಕಿ ಹೊರಟರೆ ಪ್ರತಿ ಸಲವೂ ಇಲ್ಲಿಗೇ ಬಂದು ನಿಲ್ಲುತ್ತೇನೆ. ಫೋಟೋ ಚಂದ ತೆಗೆಸು, ಲೋಗೋ ಮಾಡಿಸು, ವಾಟ್ಸಾಪಿನಲ್ಲಿ ಹಾಕು ಎಂಬುದೆಲ್ಲ ಆಮೇಲಿನ ಮಾತು. ದರದಲ್ಲಿ ಕೂಲಿ ಇಲ್ಲದ ಮಾಲನ್ನು ನಾನು ಎಷ್ಟು ಚೆನ್ನಾಗಿ ಮಾರಿಕೊಟ್ಟರೆ ಇವರು ಅಷ್ಟು ಹೆಚ್ಚು ಪುಕ್ಕಟೆ ದುಡಿಯುತ್ತಾರೆ.

ತಾಸು ಎಣಿಸಲು ಕೂತೆವು. ತುಂಬು ಬಿಡಿಸಲು ಇಬ್ಬರಿಗೆ ನಾಲ್ಕು ತಾಸು, ಅಂದರೆ ಎಂಟು. ಮಾಳಿಗೆ ಮೇಲೆ ಹರವುವುದು, ಸಂಜೆ ಬಳಿದು ತರುವುದು, ಎರಡು. ಹುರಿಯುವುದು ಮೂರು. ಗಿರಣಿಯಲ್ಲಿ ಪಾಳಿ ಹಚ್ಚಿ ಕುಟ್ಟಿಸಿ ತರುವುದು ಎರಡು. ಸಾಣಿಸಿ, ತೂಗಿ, ಪಾಕೀಟು ಮಾಡುವುದು ಮೂರು. ಒಟ್ಟು ಹದಿನೆಂಟು. ಹದಿನಾಲ್ಕು ಕಿಲೋಕ್ಕೆ 40ರಂತೆ 560 ರೂಪಾಯಿ. ಆ ಲಾಭವನ್ನೇ ಕೂಲಿ ಎಂದುಕೊಂಡರೂ ತಾಸಿಗೆ 31, ಎಂಟು ತಾಸಿನ ದಿನಕ್ಕೆ 250ರ ಒಳಗೆ.

"ಉದ್ಯೋಗ ಖಾತ್ರಿಯೊಳಗ ಕೆರಿ ಹೂಳ ತಗ್ಯಾಕ ಹ್ವಾದ್ರ 316 ಕೊಡ್ತಾರ," ಎಂದರು ದೊಡ್ಡಕ್ಕ, ತುಂಬು ಬಿಡಿಸುವುದನ್ನು ನಿಲ್ಲಿಸಿ. "ಗಂಡಸರಿಗೂ ಅಷ್ಟ, ನಮಗೂ ಅಷ್ಟ."

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಾನು ಈ ಪಾಠ ಕಲಿತದ್ದು ಬೇರೊಬ್ಬರ ನಷ್ಟದಲ್ಲಿ. 2021ರಲ್ಲಿ ಧಾರವಾಡದ ಒಬ್ಬ ವೈನಿ ಹಪ್ಪಳ ಸಂಡಿಗೆ ಮಾಡುತ್ತಿದ್ದರು. ದೊಡ್ಡ ಅಂಗಡಿಯೊಂದಕ್ಕೆ ಅವರ ಮಾಲು ಹೊಗಿಸಿದೆ ಎಂದು ನಾನು ಹಿಗ್ಗಿದ್ದೆ. ಅದಕ್ಕಾಗಿ ಪಾಕೀಟಿಗೆ 15 ರೂಪಾಯಿ ಇಳಿಸಿ ಎಂದವಳೂ ನಾನೇ, ಎರಡು ತಿಂಗಳ ಉದ್ದರಿಗೆ ಒಪ್ಪಿಸಿದವಳೂ ನಾನೇ. ದುಡ್ಡು ಬಂದದ್ದು ಏಳು ತಿಂಗಳಿಗೆ, ಅದೂ ಹರಿದ ಪಾಕೀಟು, ಹಿಂದಿರುಗಿದ ಮಾಲು ಎಂದು ಮುರಿದುಕೊಂಡು. ಅಷ್ಟರಲ್ಲಿ ಉದ್ದಿನ ಅಂಗಡಿಯ ಸಾಲ, ಲಟ್ಟಿಸಲು ಬರುತ್ತಿದ್ದ ನಾಲ್ವರ ಪಗಾರ ತೀರಿಸಲು ವೈನಿ ತಮ್ಮ ಪಾಟ್ಲಿ ಮಾರಿದ್ದರು. ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಹಪ್ಪಳ ಮಾತ್ರ ನಿಲ್ಲಿಸಿದರು. ಪ್ರತಿ ಬೇಸಿಗೆ ಮಾಳಿಗೆಗಳ ಮೇಲೆ ಸಂಡಿಗೆ ಕಂಡಾಗ ಅವರ ಬರಿಗೈ ನೆನಪಾಗುತ್ತದೆ.

ಆಗ ಅವರಿಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ದಾಖಲಾಗುವುದು, ಅದನ್ನು ಕೂಡ ಮಾಡಿಸಿರಲಿಲ್ಲ ನಾನು. ಒಂದು ರೂಪಾಯಿ ಖರ್ಚಿಲ್ಲದ ಕೆಲಸ. ನೋಂದಣಿ ಇದ್ದ ಸಣ್ಣ ಉತ್ಪಾದಕರಿಗೆ ಸಣ್ಣ ಉದ್ದಿಮೆಗಳ 2006ರ ಕಾಯ್ದೆಯ ಬಲವಿದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಕೊಂಡವರು ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ವರ್ಷದಿಂದ ಆದಾಯ ತೆರಿಗೆಯೂ ಇದಕ್ಕೆ ಜೋಡಿಯಾಗಿದೆ. ಗಡುವಿನೊಳಗೆ ಕೊಡದೆ ವರ್ಷ ಮುಗಿದರೆ ಆ ಬಾಕಿಯನ್ನು ಕೊಂಡವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಹಾಗಾಗಿ ಈ ಮಾರ್ಚ್ ತಿಂಗಳು ನನ್ನ ಫೋನಿಗೆ ಬಿಡುವಿಲ್ಲ. ಬಾಕಿ ತೀರಿಸುತ್ತೇವೆ ಎನ್ನುವವರು ಕೆಲವರು. ಇವತ್ತು ಬಸ್ಸಿನಲ್ಲಿದ್ದಾಗ ಬಂದದ್ದು ಇನ್ನೊಂದು ಥರದ ಕರೆ: "ನಿಮ್ಮ ಹೆಣ್ಮಕ್ಕಳ ನೋಂದಣಿ ರದ್ದು ಮಾಡಿಸಿರಿ ಮೇಡಂ, ಇಲ್ಲಾಂದ್ರ ಏಪ್ರಿಲ್‌ನಿಂದ ಮಾಲು ತಗೊಳ್ಳಾಕ ಆಗೂದಿಲ್ಲ." ಆಗುವುದಿಲ್ಲ ಎಂದು ನಾನೂ ಹೇಳಿದೆ. ತಿಂಗಳಿಗೆ ಅರವತ್ತು ಪಾಕೀಟಿನ ಗಿರಾಕಿ ಹೋಯಿತು. ಮತ್ತೊಬ್ಬರನ್ನು ಹುಡುಕುತ್ತೇನೆ.

ಗುಂಪಿನವರಿಗೆ ಲಿಜ್ಜತ್ ಹಪ್ಪಳದ ಕತೆ ಹೇಳಿದೆ. ಬರುವ ಶುಕ್ರವಾರ, ಮಾರ್ಚ್ 15ಕ್ಕೆ ಅದು ಶುರುವಾಗಿ ಸರಿಯಾಗಿ 65 ವರ್ಷ. 1959ರಲ್ಲಿ ಮುಂಬೈನ ಗಿರಗಾಂವದ ಮಾಳಿಗೆ ಮೇಲೆ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಸಾವಿರ ಕೋಟಿ ಮೀರಿದ ವ್ಯವಹಾರ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಬೇರೆ: ಅಲ್ಲಿ ಲಟ್ಟಿಸಿದ ಕೂಲಿಗೆ 'ವಣಾಯಿ' ಎಂದು ಹೆಸರೇ ಇದೆ. ಲಟ್ಟಿಸಿ ತಂದ ಹಪ್ಪಳದ ತೂಕಕ್ಕೆ ತಕ್ಕಂತೆ ಅದು ಕೈಗೆ ಬರುತ್ತದೆ, ಲಾಭದ ಪಾಲು ಬೇರೆ. "ಹೆಸರಿಟ್ಟಾರಂದ್ರ ಲೆಕ್ಕದಾಗ ಬರ್ತೈತಿ," ಎಂದಳು ಸಣ್ಣಾಕೆ. ನಾನು ಹೇಳಲು ಹೊರಟದ್ದನ್ನು ಅವಳೇ ಹೇಳಿದಳು.

ನನ್ನ ಸಲಹೆ ಸರಳವಿತ್ತು. ಕಾಯಿ ಅಗ್ಗವಾಗಿದೆ, ಪಾಕೀಟಿನ ದರ ಇಳಿಸಬೇಡಿ, ಉಳಿದದ್ದು ಕೂಲಿಯಾಗಲಿ. ಎಲ್ಲರಿಗೂ ಸರಿ ಕಂಡಿತು, ಮೂಲೆಯಲ್ಲಿ ಕುಳಿತಿದ್ದ ಒಬ್ಬಾಕೆಗೆ ಮಾತ್ರ ಕಾಣಲಿಲ್ಲ. ಅಷ್ಟು ಹೊತ್ತೂ ಆಕೆ ತಲೆ ಎತ್ತಿರಲಿಲ್ಲ.

"ನನ್ನ ತಮ್ಮ ನಿನ್ನೆ ಬ್ಯಾಡಗಿಗೆ ಚೀಲಾ ಒಯ್ದಾನ್ರಿ. ಮಾರಿಲ್ಲ. ಇನ್ನೂ ಅಲ್ಲೇ ಅದಾನ. ಅವನ ಹೊಟ್ಟಿ ಮ್ಯಾಲ ಹೊಡದು ನಮಗ ಕೂಲಿ ಬ್ಯಾಡ್ರಿ."

ನಾಚಿಕೆಯಾಯಿತು. ಮಾರುವವಳ ಕಣ್ಣಿಗೆ ದರ ಇಳಿದದ್ದು ಕಂಡಿತ್ತು. ಯಾರದು ಇಳಿಯಿತು ಎಂಬುದು ಕಂಡಿರಲಿಲ್ಲ. ಬೀಜ, ಗೊಬ್ಬರ, ಔಷಧ, ಬಿಡಿಸುವ ಆಳು, ಲಾರಿ ಬಾಡಿಗೆ, ಎಲ್ಲ ಅವನ ಮೈಮೇಲಿದೆ. ಹೋದ ವರ್ಷ ಮಳೆಯೂ ಕೈಕೊಟ್ಟಿತ್ತು.

ಮತ್ತೆ ಲೆಕ್ಕಕ್ಕೆ ಕೂತೆವು. ವಾದವೂ ಆಯಿತು. ಒಬ್ಬರು ಎದ್ದು ಚಹಾ ಮಾಡುವ ನೆವ ಹೇಳಿ ಒಳಗೆ ಹೋದರು. ಸಂಜೆ ನಾಲ್ಕರ ಹೊತ್ತಿಗೆ ಒಂದು ದಾರಿಗೆ ಬಂತು. ತಮ್ಮನ ಮಾಲಿನಲ್ಲಿ ಒಂದು ಕ್ವಿಂಟಲ್ ಗುಂಪೇ ಕೊಳ್ಳುವುದು, ಹೋದ ವಾರದ ದರಕ್ಕೆ. ದುಡ್ಡು ಕೇಂದ್ರದ ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸದಸ್ಯರಿಗೆ ತಲಾ 40,000ದ ಲೆಕ್ಕದಲ್ಲಿ ಬಂದ ಬೀಜಧನದಿಂದ. ಅದು ಇರುವುದೇ ಇಂಥ ದುಡಿಯುವ ಬಂಡವಾಳಕ್ಕೆ. ಕೂಲಿಯನ್ನು ದರದಲ್ಲೇ ಸೇರಿಸುವುದು: ಅರ್ಧ ಕಿಲೋದ ಪಾಕೀಟಿಗೆ 30 ರೂಪಾಯಿ ಹೆಚ್ಚು. ಅಷ್ಟಾದರೆ ತಾಸಿಗೆ 47ರ ಹತ್ತಿರ ಬೀಳುತ್ತದೆ, ಹಳೆಯ 40 ಗುಂಪಿನ ಉಳಿತಾಯಕ್ಕೆ ಹಾಗೇ ಇರುತ್ತದೆ.

ಕಾಯಿ ಅಗ್ಗವಾದ ವಾರದಲ್ಲಿ ಖಾರದ ಪುಡಿ ದುಬಾರಿ. ಗಿರಾಕಿ ಕೇಳದೆ ಬಿಡುವುದಿಲ್ಲ. ಅದಕ್ಕೆ ಉತ್ತರ ಕೊಡುವುದೇ ನನ್ನ ಕೆಲಸ. ಪಾಕೀಟಿನ ಹಿಂದೆ ಆಹಾರ ನೋಂದಣಿಯ 14 ಅಂಕಿ, ತೂಕ, ತಯಾರಿಸಿದ ತಿಂಗಳು ಇದ್ದೇ ಇವೆ. ಅದರ ಕೆಳಗೆ ಎರಡು ಸಾಲು ಸೇರಿಸಲು ಜಾಗ ನೋಡಿದ್ದೇನೆ: ಕಾಯಿ ಯಾವ ಊರಿನ ರೈತನದು, ಅವನಿಗೆ ಯಾವ ದರ ಕೊಟ್ಟೆವು, ಕೂಲಿ ಎಷ್ಟು. ದುಡ್ಡು ಎಲ್ಲಿ ಹೋಗುತ್ತದೆಂದು ಗೊತ್ತಾದರೆ ಹುಬ್ಬಳ್ಳಿಯ ಹೆಣ್ಣುಮಕ್ಕಳು 30 ರೂಪಾಯಿ ಹೆಚ್ಚು ಕೊಡುತ್ತಾರೆ ಎಂದು ನಾನು ನಂಬುತ್ತೇನೆ. ಲೇಬಲ್ಲಿನ ಫೋನ್ ನಂಬರ್ ಇನ್ನೂ ದೊಡ್ಡಕ್ಕನ ಯಜಮಾನರದೇ ಇತ್ತು, ಅದನ್ನೂ ಇವತ್ತೇ ತೆಗೆಸಿದೆ. ಆರ್ಡರು ಮಾಡುವವರ ಮಾತು ಮಾಡಿಕೊಡುವವರ ಕಿವಿಗೇ ಬೀಳಲಿ.

ಹೊರಡುವಾಗ ದೊಡ್ಡಕ್ಕ ಲೆಕ್ಕದ ಪುಸ್ತಕದಲ್ಲಿ ಅಡಿಪಟ್ಟಿ ಇಟ್ಟು ಒಂದು ಗೆರೆ ಎಳೆದರು. ಹೊಸ ಕಾಲಮ್ಮಿನ ತಲೆಗೆ 'ಕೂಲಿ' ಎಂದು ಬರೆದರು. ಬೆರಳಿನ ಕೆಂಪು ಹಾಳೆಗೆ ಅಂಟಿತು. ಒರೆಸಲು ಹೋದರೆ ಇನ್ನಷ್ಟು ಹರಡಿತು, ಹಾಗೇ ಬಿಟ್ಟರು.

ರಾತ್ರಿ ಒಂಬತ್ತು ಗಂಟೆಗೆ ಮೂಲೆಯಲ್ಲಿ ಕುಳಿತಿದ್ದಾಕೆಯ ಫೋನು. ತಮ್ಮ ಸಿಕ್ಕಿದ್ದಾನೆ, ಚೀಲ ವಾಪಸ್ಸು ತರುತ್ತಾನಂತೆ. "ಬಾಡಿಗಿ ನಾವ ಕೊಡೂಣೇನ್ರಿ ಅಕ್ಕಾರ? ಪುಸ್ತಕದಾಗ ಎಲ್ಲಿ ಬರೀಲಿ?"

ಕೂಲಿಯ ಪಕ್ಕದಲ್ಲಿ ಬರಿ ಎಂದೆ. ಮುದ್ರಣದವರಿಗೆ ಹಳೆಯ ದರದ ಲೇಬಲ್ಲು ನಿಲ್ಲಿಸಲು ಮೆಸೇಜು ಹಾಕಿದ್ದೇನೆ. ಅಂಗೈಗೆ ಮಜ್ಜಿಗೆ ಹಚ್ಚಿಕೊಂಡು ಕೂತಿದ್ದೇನೆ, ಉರಿ ಇನ್ನೂ ಇಳಿದಿಲ್ಲ.