ಕಾರ್ಪೆಟ್ ಕೊಳ್ಳುವವರಿಗೆ ನಾನು ಮೊದಲು ತೋರಿಸುವುದು ಅದರ ಬೆನ್ನು

ಕಾರ್ಪೆಟ್ ಮಾರುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ಎಡವಟ್ಟು ಮಾಡಿದೆ. ಸುಳ್ಳು ಹೇಳಿದ್ದಲ್ಲ, ಅದೇ ಇದರಲ್ಲಿರುವ ತಮಾಷೆ. ಒಬ್ಬರು ದಪ್ಪನೆಯ, ಮೆತ್ತನೆಯ ಉಣ್ಣೆಯ ಕಾರ್ಪೆಟ್ ಮೆಚ್ಚಿಕೊಂಡು "ಇದು ಕೈಯಿಂದ ಮಾಡಿದ್ದಾ?" ಎಂದು ಕೇಳಿದರು. "ಹೌದು ಮೇಡಂ, ಕೈಯಿಂದಲೇ" ಎಂದೆ. ಕೆಲವು ವರ್ಷ ಕಳೆದ ಮೇಲೆ ಅದನ್ನೇ ಸುತ್ತಿಕೊಂಡು ವಾಪಸ್ ಬಂದರು. ಬಿಡಿಸಿದರೆ ಕೆಳಗಿನಿಂದ ಪುಡಿ ಉದುರುತ್ತಿದೆ, ಜೊತೆಗೆ ರಬ್ಬರಿನ ವಾಸನೆ ಬೇರೆ.

ಅದು ಟಫ್ಟೆಡ್ ಕಾರ್ಪೆಟ್. ಚೌಕಟ್ಟಿಗೆ ಬಿಗಿದ ಬಟ್ಟೆಗೆ ಗನ್ನಿನಂಥ ಉಪಕರಣದಿಂದ ಉಣ್ಣೆ ಚುಚ್ಚುತ್ತಾ ಹೋಗುತ್ತಾರೆ. ಗನ್ ಹಿಡಿದಿರುವುದು ಮನುಷ್ಯನ ಕೈಯೇ, ಹಾಗಾಗಿ ನನ್ನ ಮಾತು ತಪ್ಪು ಎಂದು ಯಾರೂ ಹೇಳುವಂತಿಲ್ಲ. ಆದರೆ ಕೈಯಲ್ಲಿ ನೇಯ್ದ ಕಾರ್ಪೆಟ್ಟಿನಲ್ಲಿ ಮಗ್ಗದ ಉದ್ದದ ಎಳೆಗಳಿಗೆ, ಅಂದರೆ ಹಾಸಿನ ನೂಲಿಗೆ, ಉಣ್ಣೆಯನ್ನು ಗಂಟು ಹಾಕುತ್ತಾ ಹೋಗುತ್ತಾರಲ್ಲ, ಆ ಗಂಟು ಇದರಲ್ಲಿ ಇಲ್ಲ. ಉಣ್ಣೆಯನ್ನು ಹಿಡಿದಿಡುವುದು ಹಿಂದೆ ಬಳಿದ ಲ್ಯಾಟೆಕ್ಸ್ ಅಂಟು, ಅದು ಕಾಣದಿರಲಿ ಎಂದು ಮೇಲೊಂದು ಬಟ್ಟೆ. ಅಂಟು ಒಣಗಿ ಪುಡಿಯಾದರೆ ಮುಗಿಯಿತು. "ಅವರು ಕೇಳಿದ್ದು ನೇಯ್ದಿದ್ದಾ ಅಂತ, ನೀನು ಉತ್ತರ ಕೊಟ್ಟಿದ್ದು ಬೇರೆ ಪ್ರಶ್ನೆಗೆ ಕಣಪ್ಪಾ" ಎಂದರು ನಮ್ಮಲ್ಲಿ ರಿಪೇರಿ ನೋಡಿಕೊಳ್ಳುವ ಹಿರಿಯರು.

ಅಂದಿನಿಂದ ಯಾರೇ ಬಂದರೂ ಮೊದಲು ಮೂಲೆ ಹಿಡಿದು ಮಗುಚುತ್ತೇನೆ. ಗಂಟು ಹಾಕಿ ನೇಯ್ದಿದ್ದರೆ ಮೇಲಿನ ಚಿತ್ರ ಹಿಂದೆಯೂ ಅಷ್ಟೇ ಚೆನ್ನಾಗಿ ಕಾಣುತ್ತದೆ, ಗಂಟುಗಳು ಸಣ್ಣ ಉಬ್ಬುಗಳ ಹಾಗೆ ಬೆರಳಿಗೆ ಸಿಗುತ್ತವೆ, ಸಾಲುಗಳು ಅಲ್ಲಲ್ಲಿ ಸ್ವಲ್ಪ ಸೊಟ್ಟಗಿರುತ್ತವೆ. ಮಷಿನ್ನಿನದ್ದಾದರೆ ಗೆರೆ ಎಳೆದ ಹಾಗೆ ನೇರ. ಹಿಂದೆ ಬಟ್ಟೆ ಅಂಟಿಸಿದ್ದರೆ, ಯಾಕೆ ಮುಚ್ಚಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಕುಚ್ಚನ್ನೂ ನೋಡಿ. ನೇಯ್ದಿದ್ದರಲ್ಲಿ ಕುಚ್ಚು ಅಂದರೆ ಹಾಸಿನ ನೂಲಿನ ತುದಿಯೇ, ಕಾರ್ಪೆಟ್ಟಿನ ಒಳಗಿಂದಲೇ ಹೊರಗೆ ಬಂದಿರುತ್ತದೆ. ಅಂಚಿಗೆ ಆಮೇಲೆ ಹೊಲಿದಿದ್ದರೆ ಅನುಮಾನಪಡಿ.

ಗಂಟಿನ ಬಾಳಿಕೆ ಎಷ್ಟು ಎಂದು ಕೇಳುವವರಿಗೆ ನಾನು ಪಾಜಿರಿಕ್ ಕಾರ್ಪೆಟ್ಟಿನ ಕಥೆ ಹೇಳುತ್ತೇನೆ. 1949ರಲ್ಲಿ ಸೈಬೀರಿಯಾದ ಅಲ್ಟಾಯ್ ಬೆಟ್ಟಗಳಲ್ಲಿ, ಮಂಜುಗಡ್ಡೆ ತುಂಬಿಕೊಂಡಿದ್ದ ಒಂದು ಸಮಾಧಿಯಲ್ಲಿ ಅದು ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಹಳೆಯದು, ಸಾಲಾಗಿ ನಡೆಯುವ ಸಾರಂಗ, ಕುದುರೆಗಳು ಇಂದಿಗೂ ಗುರುತು ಸಿಗುತ್ತವೆ. ಕಾಪಾಡಿದ್ದು ಮಂಜು ಅನ್ನುವುದು ನಿಜ, ನಿಮ್ಮ ಹಾಲ್‌ನಲ್ಲಿ ಆ ಸೌಲಭ್ಯ ಇರಲ್ಲ ಅಲ್ವಾ.

ಗಂಟಿನ ಲೆಕ್ಕಕ್ಕೆ ಬರೋಣ. ಹಿಂದೆ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಂದು ಎಣಿಸಿ ಗುಣಿಸಿ. ಚದರ ಇಂಚಿಗೆ 100 ಗಂಟು ಎಂದಿಟ್ಟುಕೊಳ್ಳಿ. 6 ಅಡಿ ಅಗಲ 9 ಅಡಿ ಉದ್ದದ ಕಾರ್ಪೆಟ್ಟಿಗೆ 7,77,600 ಗಂಟು ಬೇಕು. ಒಬ್ಬ ನೇಕಾರ ದಿನಕ್ಕೆ 8,000 ಹಾಕಿದರೂ ಮೂರು ತಿಂಗಳ ಮೇಲೆ ಹಿಡಿಯುತ್ತದೆ. ಬೆಲೆ ಯಾಕೆ ಹಾಗಿದೆ ಎಂದು ಚೌಕಾಸಿಗೆ ಇಳಿದವರಿಗೆ ನಾನು ಈ ಲೆಕ್ಕ ಬರೆದು ತೋರಿಸಿದ್ದೂ ಇದೆ. ಹಾಗಂತ ಗಂಟು ಜಾಸ್ತಿ ಇದ್ದರೆ ಕಾರ್ಪೆಟ್ ಒಳ್ಳೆಯದು ಎಂದು ನಂಬಬೇಡಿ. ಬಳ್ಳಿ, ಹೂವು, ಸುರುಳಿ ತರಿಸಲು ಸಣ್ಣ ಗಂಟು ಬೇಕೇ ಬೇಕು. ಬುಡಕಟ್ಟಿನವರು ನೇಯುವ ಚೌಕ, ತ್ರಿಕೋನದ ವಿನ್ಯಾಸಕ್ಕೆ ಕಡಿಮೆ ಗಂಟು ಸಾಕು, ಉಣ್ಣೆ ಚೆನ್ನಾಗಿದ್ದರೆ ಅದೂ ತಲೆಮಾರು ದಾಟುತ್ತದೆ. ಕೆಲವರು ಎರಡು ಹಾಸಿನ ಎಳೆಗೆ ಹಾಕಬೇಕಾದ ಗಂಟನ್ನು ನಾಲ್ಕು ಎಳೆಗೆ ಹಾಕಿ ಕೆಲಸ ಬೇಗ ಮುಗಿಸುತ್ತಾರೆ, ಇದಕ್ಕೆ ಜುಫ್ತಿ ಎನ್ನುತ್ತಾರೆ. ಹಾಗೆ ಮಾಡಿದ್ದು ತೆಳುವಾಗಿರುತ್ತದೆ, ಬೇಗ ಸವೆಯುತ್ತದೆ.

ಗಂಟೇ ಇಲ್ಲದೆ ಬರೀ ಹಾಸು ಹೊಕ್ಕಿನಲ್ಲಿ ನೇಯುವ ಕಿಲಿಮ್, ಜಮಖಾನಗಳೂ ಇವೆ. ಅವು ಕಡಿಮೆ ದರ್ಜೆಯವಲ್ಲ, ಬೇರೆ ಜಾತಿಯವು ಅಷ್ಟೇ.

ಬಣ್ಣಕ್ಕೆ ಒಂದು ಪರೀಕ್ಷೆ: ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಮುಂದೆ ತೊಳೆಸುವಾಗ ಗೋಳು ತಪ್ಪಿದ್ದಲ್ಲ. ರೇಷ್ಮೆ ಎಂದು ಹೇಳಿದರೆ ಕುಚ್ಚಿನಿಂದಲ್ಲ, ಹೊಳೆಯುವ ಭಾಗದಿಂದಲೇ ಒಂದು ಎಳೆ ಕೇಳಿ ತೆಗೆದು ಸುಟ್ಟು ನೋಡಿ. ರೇಷ್ಮೆ, ಉಣ್ಣೆ ಎರಡೂ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಕಾಗದ ಸುಟ್ಟ ವಾಸನೆ ಬಂದರೆ ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ, ರೇಷ್ಮೆಯಂತೆ ಹೊಳೆಯುವ ನೂಲು) ಅಥವಾ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ನೂಲು.

ಇನ್ನು, ಒಂದೇ ಕೆಂಪು ನಡುವೆ ಪಟ್ಟಿಯಾಗಿ ತಿಳಿಯಾಗಿದೆ ಎಂದು ವಾಪಸ್ ಕೊಡುವವರಿದ್ದಾರೆ. ಅದಕ್ಕೆ ಅಬ್ರಷ್ ಎನ್ನುತ್ತಾರೆ. ಒಂದು ಸಲ ಅದ್ದಿದ ನೂಲು ಮುಗಿದು, ಇನ್ನೊಂದು ಸಲ ಅದ್ದಿದ್ದು ಶುರುವಾದ ಜಾಗ. ನನಗಂತೂ ಅದೇ ಇಷ್ಟ, ನೇಕಾರ ಎಲ್ಲಿ ಹೊಸ ಉಂಡೆ ಹಿಡಿದ ಎಂದು ಕಾಣುತ್ತದೆ.

ಮನೆಗೆ ಒಯ್ದ ಮೇಲೆ ಸೋಫಾದ ಅಡಿಯ ಭಾಗವನ್ನು ಆಗಾಗ ಎತ್ತಿ ನೋಡಿ. ಉಣ್ಣೆ ತಿನ್ನುವ ಹುಳಕ್ಕೆ ಕತ್ತಲೆ, ಯಾರೂ ಓಡಾಡದ ಜಾಗ ಸಿಕ್ಕರೆ ಹಬ್ಬ. ನಮ್ಮಲ್ಲಿ ರಿಪೇರಿಗೆ ಬರುವ ತೂತುಗಳಲ್ಲಿ ಹೆಚ್ಚಿನವು ನಡುವಿನಲ್ಲಿ ಇರುವುದಿಲ್ಲ, ಮಂಚದ ಕಾಲಿನ ಹತ್ತಿರ ಇರುತ್ತವೆ.