ತಲೆಬರಹದಲ್ಲಿ ಉದುರಿಹೋಗುವ ‘ಪೊಲೀಸರ ಹೇಳಿಕೆ’

ಸುದ್ದಿಮನೆಗೆ ಹೊಸದಾಗಿ ಬರುವ ಉಪಸಂಪಾದಕರಿಗೆ ನಾನು ತೋರಿಸುವ ಮುಖಪುಟವೊಂದಿದೆ. 1989ರ ಏಪ್ರಿಲ್ 19ರ ಬ್ರಿಟನ್ನಿನ ‘ದಿ ಸನ್’ ಪತ್ರಿಕೆಯದು. ‘ಇದೇ ಸತ್ಯ’ ಎನ್ನುವ ಅರ್ಥದ ಭಾರೀ ತಲೆಬರಹ. ಅದರಡಿ ಫುಟ್‌ಬಾಲ್ ಅಭಿಮಾನಿಗಳು ಸತ್ತವರ ಜೇಬಿಗೆ ಕೈಹಾಕಿದರು, ಪೊಲೀಸರ ಮೇಲೆ ಮೂತ್ರ ಹೊಯ್ದರು ಎಂಬ ಸಾಲುಗಳು.

ಅದಕ್ಕೆ ನಾಲ್ಕು ದಿನ ಮೊದಲು, ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಕಬ್ಬಿಣದ ಬೇಲಿಗೆ ಒತ್ತಿ ಉಸಿರುಗಟ್ಟಿದ್ದರು. ಸತ್ತವರು ಒಟ್ಟು 97 ಮಂದಿ. ಕೊನೆಯವರು ತೀರಿಕೊಂಡದ್ದು 2021ರಲ್ಲಿ. ಹೊರಗಿನ ನೂಕುನುಗ್ಗಲು ಇಳಿಸಲು ಗೇಟು ತೆರೆಯಿರಿ ಎಂದವರು ಬಂದೋಬಸ್ತಿನ ಮುಖ್ಯಸ್ಥ ಡೇವಿಡ್ ಡಕನ್‌ಫೀಲ್ಡ್. ಒಳಗೆ ಬಂದವರನ್ನು ಸುರಂಗ ಸೀದಾ ಆಗಲೇ ಕಿಕ್ಕಿರಿದಿದ್ದ, ಬೇಲಿ ಹಾಕಿದ ಪ್ರೇಕ್ಷಕರ ಆವರಣಗಳಿಗೆ ಒಯ್ದಿತು. ಜನ ಇನ್ನೂ ಸಾಯುತ್ತಿರುವಾಗಲೇ ಆತ, ಗೇಟನ್ನು ನುಗ್ಗಿ ತೆರೆದದ್ದು ಅಭಿಮಾನಿಗಳು ಎಂದು ಹೇಳಿಬಿಟ್ಟ. ಜೇಬುಗಳ್ಳರ ಕಥೆ ಆಮೇಲಿನದು: ಪೊಲೀಸರ ಮತ್ತು ಸ್ಥಳೀಯ ಸಂಸದರೊಬ್ಬರ ಬಾಯಿಂದ ಹೊರಟು ಸುದ್ದಿಸಂಸ್ಥೆಯ ಮೂಲಕ ಪತ್ರಿಕೆಗೆ ಬಂತು.

ತಾನು ಇವನ್ನು ಆರೋಪಗಳೆಂದೇ ಬರೆದಿದ್ದೆ ಎಂದು ವರದಿಗಾರ ಆಮೇಲೆ ಹೇಳಿದ. ಇರಬಹುದು. ಡೆಸ್ಕಿನಲ್ಲಿ ಕುಳಿತವರಿಗೆ ಇದು ಗೊತ್ತಿರುವ ವಿಷಯ: ಅಂಕಣದ ಅಗಲ ಸಾಲದಾದಾಗ ಮೊದಲು ಕತ್ತರಿ ಬೀಳುವುದು ‘ಎಂದು ಪೊಲೀಸರು ಹೇಳಿದರು’ ಎಂಬುದಕ್ಕೇ. ಹೇಳಿದವರು ಯಾರೆಂಬುದು ತಲೆಬರಹದಲ್ಲಿ ಹಿಡಿಸದಿದ್ದರೆ ಆರೋಪವನ್ನೂ ತಲೆಬರಹಕ್ಕೆ ಏರಿಸಬೇಡಿ ಎನ್ನುತ್ತೇನೆ. ದುರಂತದ ಮೊದಲ ರಾತ್ರಿ ಫೋನಿಗೆ ಸಿಗುವವರು ಅಧಿಕಾರಿಗಳು ಮಾತ್ರ. ಗಾಯಾಳು ತೀವ್ರ ನಿಗಾ ಘಟಕದಲ್ಲಿ, ಮನೆಯವರು ಶವಾಗಾರದ ಬಾಗಿಲಲ್ಲಿ. ಹೀಗಿರುವಾಗ ‘ಎರಡೂ ಕಡೆ’ಯವರನ್ನು ಕೇಳಿದ್ದೇವೆ ಎಂಬುದು ಬರೀ ಬೊಗಳೆ.

ಆ ವರ್ಷದ ಆಗಸ್ಟಿನಲ್ಲೇ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ, ಪೊಲೀಸ್ ನಿಯಂತ್ರಣ ಕೈತಪ್ಪಿದ್ದೇ ಮುಖ್ಯ ಕಾರಣ ಎಂದಿತು. ಆದರೂ ಕಳಂಕ ಅಳಿಯಲಿಲ್ಲ. 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತು ಎಂದು ಸ್ವತಂತ್ರ ಸಮಿತಿ ಬಯಲಿಗೆ ತಂದದ್ದು 2012ರಲ್ಲಿ. ಅಭಿಮಾನಿಗಳದು ತಪ್ಪಿಲ್ಲ ಎಂದು ಸಾವಿನ ಕಾರಣದ ವಿಚಾರಣೆಯ ಜ್ಯೂರಿ ಹೇಳಿದ್ದು 2016ರಲ್ಲಿ. ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಿಯರು ಅಷ್ಟರಲ್ಲಿ ತೀರಿಹೋಗಿದ್ದರು.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು 11 ಮಂದಿ ಸತ್ತ ಸಂಜೆ, ‘ಹುಚ್ಚು ಅಭಿಮಾನಕ್ಕೆ ಬಲಿ’ ಎಂಬ ತಲೆಬರಹ ನಮ್ಮ ಡೆಸ್ಕಿನಲ್ಲೂ ತಯಾರಾಗಿತ್ತು. ಪ್ರಾಸಪ್ರಿಯರೊಬ್ಬರಿಗೆ ಅದು ಬಹಳ ಹಿಡಿಸಿತ್ತು ಕೂಡ. ಅದನ್ನು ಕೈಬಿಟ್ಟು, ‘ಕ್ರೀಡಾಂಗಣದ ಬಳಿ ಕಾಲ್ತುಳಿತ: 11 ಸಾವು’ ಎಂದಷ್ಟೇ ಹಾಕಿದೆವು. ಗೇಟುಗಳ ಹೊಣೆ ಯಾರದಾಗಿತ್ತು ಎಂದು ವಿಚಾರಿಸಲು ನಗರ ವರದಿಗಾರರನ್ನು ಅಟ್ಟಿದೆವು.