ಗಂಡ ಕಿಡ್ನಿ ಕೊಡಲು ಬಂದ ದಿನ

ಹೆಂಡತಿ ಗಂಡನಿಗೆ ಕಿಡ್ನಿ ಕೊಡುವುದು ಕಸಿ ವಿಭಾಗದಲ್ಲಿ ದಿನವೂ ಕಾಣುವ ಸಂಗತಿ. ಗಂಡ ಹೆಂಡತಿಗೆ ಕೊಡಲು ಬರುವುದು ಕಡಿಮೆ. ಹಾಗೆ ಬಂದವರ ಕ್ರಾಸ್‌ಮ್ಯಾಚ್ (ದಾನಿಯ ಕಣಗಳ ಮೇಲೆ ರೋಗಿಯ ರಕ್ತ ಎರಗುತ್ತದೆಯೇ ಎಂದು ನೋಡುವ ಪರೀಕ್ಷೆ) ಇರುವ ದಿನ ನಮಗೆಲ್ಲ ಒಳಗೊಳಗೇ ಆತಂಕ. ರಕ್ತದ ಗುಂಪು ಹೊಂದಿದೆ, ಅವರ ಕಿಡ್ನಿಗಳು ಚೆನ್ನಾಗಿವೆ, ಕೊಡುವ ಮನಸ್ಸೂ ಇದೆ. ಆದರೂ ಸಂಜೆಯ ವರದಿ ಪಾಸಿಟಿವ್, ಅಂದರೆ ಹೊಂದಿಕೆಯಿಲ್ಲ, ಎಂದು ಬಂದುಬಿಡಬಹುದು.

ಬೆಳಿಗ್ಗೆ ಫಾರಂ ತುಂಬುವಾಗಲೇ ಎಚ್ಚರ ಬೇಕು. "ಎಷ್ಟು ಮಕ್ಕಳಮ್ಮಾ?" ಎಂದರೆ ಬದುಕಿರುವ ಮಕ್ಕಳ ಲೆಕ್ಕವಷ್ಟೇ ಬರುತ್ತದೆ. "ಎಷ್ಟು ಸಲ ಬಸಿರಾಗಿದ್ದಿರಿ?" ಎಂದು ಕೇಳಿದಾಗ ನಿಲ್ಲದ ಬಸಿರು, ತೆಗೆಸಿದ ಬಸಿರು ಕೂಡ ಹೊರಬರುತ್ತವೆ. ಇದನ್ನು ಮನೆಯವರೆದುರು ಕೇಳಲೇಬಾರದು.

ದೇಹ ತನ್ನದು, ಪರರದು ಎಂದು ಗುರುತಿಸುವುದು ಎಚ್‌ಎಲ್‌ಎ ಎಂಬ ಗುರುತುಗಳಿಂದ. ಮಗುವಿನ ಜೀವಕೋಶಗಳ ಮೇಲಿರುವ ಈ ಗುರುತುಗಳಲ್ಲಿ ಅರ್ಧ ತಂದೆಯವು. ಬಸಿರು, ಹೆರಿಗೆಯ ಹೊತ್ತಿನಲ್ಲಿ ಮಗುವಿನ ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಕೆಲವು ತಾಯಂದಿರ ದೇಹ ತಂದೆಯ ಆ ಗುರುತುಗಳ ವಿರುದ್ಧ ಪ್ರತಿಕಾಯ (ಪರಕೀಯವಾದುದಕ್ಕೆ ಅಂಟಿಕೊಳ್ಳುವ ಪ್ರೋಟೀನ್) ತಯಾರಿಸುತ್ತದೆ. ಗಂಡನ ಕಿಡ್ನಿಯ ಮೇಲಿರುವುದೂ ಅವೇ ಗುರುತುಗಳು. ಮಗನೋ ಮಗಳೋ ಕೊಡಲು ಬಂದರೂ ಇದೇ ತೊಡಕು. ಗಂಡಸಿಗೆ ಬಸಿರಿನಿಂದ ಬರುವ ಈ ಅಡ್ಡಿ ಇಲ್ಲವೇ ಇಲ್ಲ.

ಲ್ಯಾಬಿನಲ್ಲಿ ದಾನಿಯ ರಕ್ತದಿಂದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳಿಗೆ ಹೆಂಡತಿಯ ಸೀರಮ್ (ರಕ್ತದ ತಿಳಿ ದ್ರವ) ಬೆರೆಸಿ, ಮೇಲೆ ಮೊಲದ ಕಾಂಪ್ಲಿಮೆಂಟ್ (ಪ್ರತಿಕಾಯ ಅಂಟಿದ ಕಣಗಳನ್ನು ಕೊಲ್ಲುವ ಪ್ರೋಟೀನ್‌ಗಳು) ಹಾಕುತ್ತಾರೆ. ಪ್ರತಿಕಾಯವಿದ್ದರೆ ಕಣಗಳು ಸಾಯುತ್ತವೆ. ಸತ್ತವು ಬಣ್ಣ ಹೀರಿ ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಪಾಸಿಟಿವ್ ಬಂದ ಕೂಡಲೇ ಕೈಚೆಲ್ಲಬೇಕಿಲ್ಲ. ಐಜಿಎಂ ಎಂಬ ಬಗೆಯ ಪ್ರತಿಕಾಯವನ್ನು ಒಡೆಯುವ ಡಿಟಿಟಿ ಎಂಬ ರಾಸಾಯನಿಕ ಸೇರಿಸಿ ಇನ್ನೊಮ್ಮೆ ನೋಡಬೇಕು. ಆಗ ನೆಗೆಟಿವ್ ಆದರೆ ಅದು ಐಜಿಎಂ ಪ್ರತಿಕಾಯ, ಸಾಮಾನ್ಯವಾಗಿ ಅಷ್ಟು ಅಪಾಯವಿಲ್ಲ. ಇತ್ತೀಚೆಗೆ ಆಕೆಗೆ ರಿಟುಕ್ಸಿಮ್ಯಾಬ್ (ಬಿ ಕಣ ಎಂಬ ಲಿಂಫೋಸೈಟ್‌ಗಳಿಗೆ ಅಂಟಿ ಅವನ್ನು ಕೊಲ್ಲುವ ಔಷಧ) ಕೊಟ್ಟಿದ್ದರೂ ಬಿ ಕಣದ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸುತ್ತದೆ.

ನೆಗೆಟಿವ್ ವರದಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಬಸಿರಿನ ಪ್ರತಿಕಾಯ ರಕ್ತದಲ್ಲಿ ಇಳಿದುಹೋಗಿದ್ದರೂ ಅದನ್ನು ಮತ್ತೆ ತಯಾರಿಸಬಲ್ಲ ನೆನಪಿನ ಕಣಗಳು ಉಳಿದಿರಬಹುದು. ಕಸಿಯಾದ ಕೆಲವೇ ದಿನಗಳಲ್ಲಿ ಅವು ಎಚ್ಚೆತ್ತು ಹೊಸ ಕಿಡ್ನಿಯ ಮೇಲೆ ಎರಗಬಹುದು. ಫಾರಂನಲ್ಲಿ ಬಿಟ್ಟುಹೋದ ಒಂದು ಬಸಿರಿಗೆ ಇಷ್ಟು ಬೆಲೆಯಿದೆ.

ಇಂಥ ಪ್ರತಿಕಾಯಕ್ಕೆ ತಪ್ಪಿಸಬಹುದಾದ ಇನ್ನೊಂದು ಕಾರಣ, ರಕ್ತ ಏರಿಸುವುದು. ಡಯಾಲಿಸಿಸ್‌ನಲ್ಲಿರುವ ಹೆಂಗಸಿಗೆ ಮುಟ್ಟಿನ ರಕ್ತಸ್ರಾವವೂ ಸೇರಿ ಹಿಮೋಗ್ಲೋಬಿನ್ ಇಳಿದಿರುತ್ತದೆ. ಬಸಿರಿನಲ್ಲಿ ಒಮ್ಮೆ ಕೆರಳಿದ ದೇಹಕ್ಕೆ ಪ್ರತಿ ಬಾಟಲಿಯೂ ಮತ್ತೊಂದು ಕೆರಳಿಕೆ. ಕಬ್ಬಿಣಾಂಶದ ಇಂಜೆಕ್ಷನ್, ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಮೊದಲು ಕೊಡಬೇಕು. ಅವಸರಕ್ಕೆ ರಕ್ತ ಹಾಕಲೇಬೇಕಾಗಿ ಬಂದಿದ್ದರೆ, ಸುಮಾರು ಎರಡು ವಾರ ಬಿಟ್ಟು ಹೊಸ ಸೀರಮ್ ತೆಗೆದು ಪ್ರತಿಕಾಯ ನೋಡಬೇಕು.

ಹೆಂಗಸರಿಗೆ ಅಡ್ಡಿ ಕಿಡ್ನಿ ಕಸಿಯಲ್ಲಿ ಮಾತ್ರವಲ್ಲ. ಯಕೃತ್ತಿನ ಕಸಿಯ ಸರದಿಯಲ್ಲಿ ಅನ್ಯಾಯ ಸೂತ್ರದೊಳಗೇ ಕೂತಿತ್ತು. ಯಾರಿಗೆ ಯಕೃತ್ತು ಮೊದಲು ಎಂದು ನಿರ್ಧರಿಸುವ ಮೆಲ್ಡ್ ಅಂಕದಲ್ಲಿ ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಕಿಡ್ನಿ ಹೊರಹಾಕುವ ತ್ಯಾಜ್ಯ) ಒಂದು ಭಾಗ. ಸ್ನಾಯು ಕಡಿಮೆ ಇರುವ ಹೆಂಗಸರಲ್ಲಿ ಕಿಡ್ನಿ ಅಷ್ಟೇ ಕೆಟ್ಟಿದ್ದರೂ ಅದು ಕಡಿಮೆ ತೋರಿಸುತ್ತದೆ, ಸರದಿ ಹಿಂದೆ ಬೀಳುತ್ತದೆ. ಅಮೆರಿಕ 2023ರಲ್ಲಿ ಜಾರಿಗೆ ತಂದ ಮೆಲ್ಡ್ 3.0 ಹೆಂಗಸರಿಗೆ 1.33 ಅಂಕ ಕೂಡಿಸುತ್ತದೆ. ಬಹಳ ತಡವಾಗಿ ಆದ ತಿದ್ದುಪಡಿ.

ಸಂಜೆ ಪಾಸಿಟಿವ್ ವರದಿ ಬಂದರೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಯೇ ಹೇಳಬೇಕು. "ಇದು ಯಾರ ತಪ್ಪೂ ಅಲ್ಲಮ್ಮಾ" ಎಂಬ ಮಾತು ಮೊದಲು. ಇಲ್ಲದಿದ್ದರೆ ದಾನಿ ಸಿಕ್ಕೂ ಆಗಲಿಲ್ಲ ಎಂಬ ನಿರಾಸೆಯಲ್ಲಿ ಆಕೆ ಡಯಾಲಿಸಿಸ್‌ಗೇ ವಾಪಸಾಗಿಬಿಡುತ್ತಾರೆ, ಫೈಲು ಮುಚ್ಚುತ್ತದೆ. ಅದೇ ಕುರ್ಚಿಯಲ್ಲಿ ಇರುವಾಗಲೇ ದಾನಿ ವಿನಿಮಯಕ್ಕೆ (ಹೊಂದದ ಇನ್ನೊಂದು ಜೋಡಿಯೊಂದಿಗೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವುದು) ಇಬ್ಬರ ಹೆಸರೂ ಬರೆಸಿ, ಆಕೆಯ ಪ್ರತಿಕಾಯಗಳು ಯಾವ ಯಾವ ಗುರುತುಗಳ ವಿರುದ್ಧ ಇವೆ ಎಂದು ಪಟ್ಟಿ ಮಾಡುವ ಸಿಂಗಲ್ ಆಂಟಿಜೆನ್ ಪರೀಕ್ಷೆಗೆ ರಕ್ತ ತೆಗೆದು, ಮುಂದಿನ ತಾರೀಖು ಬರೆದುಕೊಟ್ಟೇ ಕಳಿಸಬೇಕು.